ಮೊಗ್ಗಿನ ಮೇಲೆ ಕ್ಲಿಪ್ಪು

ಪ್ರಪಂಚದ ಇತಿಹಾಸವನ್ನು ಬರೆಯುವವರು ಅದನ್ನು ಹೇಗೆ ಬೇಕಾದರೂ ಭಾಗ ಮಾಡಿಕೊಳ್ಳಲಿ, ನಮ್ಮ ಊರಿನ ಇತಿಹಾಸದಲ್ಲಿರುವುದು ಎರಡೇ ಯುಗ: ಬಟ್ಟೆಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪು ಬರುವುದಕ್ಕೆ ಮುಂಚಿನದು, ಬಂದ ನಂತರದ್ದು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಊರಿನ ವಾಚನಾಲಯವನ್ನು ನೋಡಿಕೊಳ್ಳುವವಳು ನಾನು. ಯುಗಗಳ ಬಗ್ಗೆ ಇರುವ ದಪ್ಪ ಪುಸ್ತಕಗಳ ಧೂಳು ಒರೆಸುವುದು ನನ್ನ ಕೆಲಸ. ಬೇರೆ ಯಾರೂ ಅವನ್ನು ಮುಟ್ಟದೆ ಇರುವುದರಿಂದ ಓದುವುದೂ ನನ್ನ ಪಾಲಿಗೇ ಬಂದಿದೆ. ಕ್ಲಿಪ್ಪು ಬರುವ ಮುಂಚೆ ಒಣಹಾಕಿದ ಬಟ್ಟೆ ಗಾಳಿಗೆ ಹಾರಿ ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತಿತ್ತು. ಯಾರಾದರೂ ಹತ್ತಿರ ನಿಂತು ಕಾಯಬೇಕಾಗಿತ್ತು. ಬಂದ ನಂತರ ಕಾಯುವುದು ತಪ್ಪಿತು. ಒಂದು ಸಲ ಕಚ್ಚಿಸಿಬಿಟ್ಟರೆ ಸಾಕು, ಮನುಷ್ಯ ಅಲ್ಲಿರಬೇಕಾಗಿಲ್ಲ ಎನ್ನುವ ಯೋಚನೆ ಊರೊಳಗೆ ಕಾಲಿಟ್ಟದ್ದು ಹಾಗೆ. ಅದು ಮೊದಲು ಹೊಕ್ಕದ್ದು ನಮ್ಮ ಮನೆಯನ್ನು.

ನಮ್ಮ ಮನೆಯವರ ಹೆಸರು ಪಂಚಾಕ್ಷರಯ್ಯ. ತುದಿ ಹಿಡಿಯುವುದರಲ್ಲಿ ಊರಿನಲ್ಲಿ ಅವರನ್ನು ಮೀರಿಸಿದವರಿರಲಿಲ್ಲ.

ನಮ್ಮಲ್ಲಿ ಸೊಳ್ಳೆ ಕಚ್ಚಿ ಜ್ವರ ಬಂದರೆ ಅವತ್ತು ಸಂಜೆಯೊಳಗೆ ರೋಗಿಯ ದಿಂಬಿನ ಕೆಳಗೆ ಒಂದು ದಾರ ಬಂದು ಬಿದ್ದಿರುತ್ತದೆ. ಹುಣಸೆಹಣ್ಣಿನ ನಾರಿನ ಬಣ್ಣ, ಮುಟ್ಟಿದರೆ ತೇವ, ಮಂಚದಷ್ಟು ಉದ್ದ, ಮೈತುಂಬ ಮಡಿಕೆ. ತಲೆಯ ಕಡೆ ಒಂದು ಕವಲು. ಬಾಲದ ಕಡೆ, ತುದಿಗೆ ಸ್ವಲ್ಪ ಮುಂಚೆ, ಜಾಜಿ ಮೊಗ್ಗಿನಷ್ಟು ಚಿಕ್ಕದೊಂದು ಮಡಿಕೆ. ಅದನ್ನು ನಾವು ಮೊಗ್ಗು ಎಂದೇ ಕರೆಯುವುದು. ದಾರ ಉದ್ದಕ್ಕೆ ಬಿದ್ದಿರುವ ತನಕ ಜ್ವರ ಜ್ವರವಾಗಿಯೇ ಇದ್ದು ಹೋಗುತ್ತದೆ. ಎರಡು ತುದಿಗಳೂ ಕೂಡಿ ಅದು ಬಳೆಯಾಯಿತೋ, ಸ್ವಲ್ಪ ಹೊತ್ತಿನಲ್ಲಿ ದಿಂಬಿನ ಕೆಳಗೆ ಇನ್ನೊಂದು ದಾರ. ದಾರ ಹೆಚ್ಚಿದ ಮನೆಯ ಸೊಳ್ಳೆ ಮುಂದಿನ ಮನೆಗೆ ಹೋಗುತ್ತದೆ. ಆದ್ದರಿಂದ ಯಾರಾದರೊಬ್ಬರು ಮಂಚದ ಪಕ್ಕ ಕೂತು, ಎಡಗೈಯಲ್ಲಿ ಕವಲು, ಬಲಗೈಯಲ್ಲಿ ಬಾಲ ಹಿಡಿದುಕೊಂಡು, ಜ್ವರ ಬಿಡುವ ತನಕ ತುದಿಗಳನ್ನು ದೂರ ಇಟ್ಟಿರಬೇಕು. ಬಾಲವನ್ನು ಮೊಗ್ಗಿನ ಹಿಂದೆ ಹಿಡಿಯಬೇಕೇ ಹೊರತು ಮೊಗ್ಗನ್ನು ಮುಟ್ಟಕೂಡದು. ದಾರ ಆಗಾಗ ಎಳೆಯುತ್ತದೆ, ತಾಯಿಯ ಕಡೆ ಜಗ್ಗುವ ಕರುವಿನ ಹಾಗೆ. ಆಗ ಕೈ ಸ್ವಲ್ಪ ಸಡಿಲ ಬಿಟ್ಟು ಮತ್ತೆ ತೆಗೆದುಕೊಳ್ಳಬೇಕು. ಜ್ವರ ಇಳಿದ ಮೇಲೆ ದಾರ ಸೋಲುತ್ತದೆ, ಇರುವೆಗಳು ಬಂದು ತಲೆಯ ಕಡೆಯಿಂದ ತಿನ್ನುತ್ತ ಹೋಗುತ್ತವೆ, ಬಾಲದ ಹತ್ತಿರ ಇರುವ ಒಂದು ಬಿಗಿಯಾದ ಗಂಟಿನ ತನಕ ಬಂದು ನಿಂತುಬಿಡುತ್ತವೆ. ಉಳಿದ ತುಂಡನ್ನು ಇಕ್ಕಳದಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕುತ್ತೇವೆ. ಅದನ್ನು ಮಂಚದ ಕೆಳಗೇ ಬಿಟ್ಟರೆ ರೋಗಿ ಬಹಳ ದಿನ ಮಂಕಾಗಿರುತ್ತಾನೆ.

ಇದರಿಂದ ನಮ್ಮ ಊರಿನ ಸಂಪ್ರದಾಯಗಳು ಸ್ವಲ್ಪ ಬೇರೆ. ಹೆಣ್ಣು ನೋಡಲು ಹೋದವರು ಹಾಡು ಹೇಳಿಸುವುದಿಲ್ಲ, ತುಂಬಿದ ಲೋಟವನ್ನು ಹಿಡಿದು ಕೂರಿಸುತ್ತಾರೆ. ಗಂಡನ್ನೂ ಕೂರಿಸುತ್ತಾರೆ. ಯಾರ ಕೈಯಲ್ಲಿ ತುದಿ ಕೂಡಿತೋ ಅವರನ್ನು ಯಾರೂ ಬೈಯುವುದಿಲ್ಲ. ಅವರ ಕೈಗೆ ಏನನ್ನೂ ಕೊಡುವುದಿಲ್ಲ, ಅಷ್ಟೇ. ಕೊಡಬೇಕಾದ್ದನ್ನು ನೆಲದ ಮೇಲೆ ಇಡುತ್ತಾರೆ. ಅವರು ಬಗ್ಗಿ ಎತ್ತಿಕೊಳ್ಳಬೇಕು. ಇದನ್ನು ಯಾರೂ ಶಿಕ್ಷೆ ಎಂದು ಕರೆಯುವುದಿಲ್ಲ. ನಾವು ಮರ್ಯಾದಸ್ಥರು. ಇನ್ನೊಂದು, ಹಾಗೆ ಕೈ ಕೆಟ್ಟವರು ತಮಗೆ ಜ್ವರ ಬಂದಾಗ ತುದಿ ಹಿಡಿ ಎಂದು ಇನ್ನೊಬ್ಬರನ್ನು ಕೇಳುವುದಿಲ್ಲ. ಕೇಳಬಾರದು ಎಂದು ಎಲ್ಲಿಯೂ ಬರೆದಿಲ್ಲ. ಕೇಳಿದವರನ್ನು ನಾನು ನೋಡಿಲ್ಲ.

ಈಗ ನಮ್ಮ ಮನೆಯವರ ವಿಷಯ. ಅವರ ಬೆರಳುಗಳು ನಿಜವಾಗಿಯೂ ಚಂದ. ಸಾರು ಬಡಿಸಿಕೊಳ್ಳುವಾಗಲೂ ಕೈಯನ್ನು ಒಂದು ಕ್ಷಣ ಗಾಳಿಯಲ್ಲಿ ನಿಲ್ಲಿಸಿ, ಎದುರಿದ್ದವರು ನೋಡಿದರೋ ಇಲ್ಲವೋ ಎಂದು ಖಚಿತ ಮಾಡಿಕೊಂಡು ಆಮೇಲೆ ಸೌಟು ಎತ್ತುತ್ತಾರೆ. ಕೂತರೆ ಏಳುವುದಿಲ್ಲ, ಬದಲಿ ಜನ ಬೇಕು ಎನ್ನುವುದಿಲ್ಲ ಎಂಬುದು ಅವರ ಖ್ಯಾತಿ. ಹಾಗಾಗಿ ಆರೋಗ್ಯ ದಿನದಂದು ವಾಚನಾಲಯದಲ್ಲೇ ಅವರಿಗೆ ಸನ್ಮಾನ ಎಂದು ಊರಿನವರು ತೀರ್ಮಾನಿಸಿದಾಗ ಅವರು ಬೇಡ ಬೇಡ ಎಂದು, ಶಾಲಿನ ಬಣ್ಣ ಯಾವುದು ಎಂದು ಕೇಳಿದರು.

ಅದೇ ವಾರ ಪಕ್ಕದ ಮನೆಯ ಸುವರ್ಣಳಿಗೆ ಜ್ವರ ಬಂತು. ಸುವರ್ಣ ಗುರುಬಸಮ್ಮನ ಮಗಳು. ಗುರುಬಸಮ್ಮನದು ಹಿಟ್ಟಿನ ಗಿರಣಿ. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು, ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ದೇವರ ಮುಂದೆ ಕೂಡ ಕೂಗುವ ಗಂಟಲು. ಕರೆಂಟು ಬರುವುದು ಮಧ್ಯಾಹ್ನ ಮಾತ್ರ. ಆದ್ದರಿಂದ ಮಧ್ಯಾಹ್ನವೆಲ್ಲ ಗಿರಣಿ, ಉಳಿದ ಹೊತ್ತು ಮಗಳು. ನಮ್ಮ ಮನೆಯವರು ಕೇಳುವ ಮುಂಚೆಯೇ ಹೋಗಿ ಕೂತಿದ್ದರು.

"ಪಂಚಾಕ್ಷರಪ್ಪ, ನಾಳೆ ನಿನಗೆ ಶಾಲು ಹಾಕ್ತಾರಂತೆ. ನಾನು ಗಿರಣಿ ಮುಚ್ಚಿ ಬಂದು ಕೂತ್ಕೋತೀನಿ, ನೀ ಹೋಗು," ಎಂದರು ಗುರುಬಸಮ್ಮ.

"ಗಿರಣಿ ಯಾಕೆ ಮುಚ್ತೀರಿ? ಬೇಕಾದ್ರೆ ಹೇಳಿ ಕಳಿಸ್ತೀನಿ," ಎಂದರು ಇವರು.

ಹೇಳಿ ಕಳಿಸಲಿಲ್ಲ. ಯಾರನ್ನಾದರೂ ಬದಲಿಗೆ ಕರೆದರೆ, ಏಳುವುದಿಲ್ಲ ಎಂಬ ಖ್ಯಾತಿಗೆ ಸನ್ಮಾನದ ದಿನವೇ ಭಂಗ ಬರುತ್ತಿತ್ತಲ್ಲ. ಮಾರನೆಯ ದಿನ ಮಧ್ಯಾಹ್ನ ವಾಚನಾಲಯದ ಬಾಗಿಲಲ್ಲಿ ಇಸ್ತ್ರಿ ಮಾಡಿದ ಜುಬ್ಬ ತೊಟ್ಟು ನಿಂತವರನ್ನು ನಾನು ಕೇಳಿದೆ, "ಅಲ್ಲಿ ಯಾರಿದಾರೆ ರೀ?"

"ಗುರುಬಸಮ್ಮ ಬಂದು ಕೂತಿದಾರೆ," ಎಂದರು, ಜುಬ್ಬದ ಗುಂಡಿ ನೋಡಿಕೊಳ್ಳುತ್ತ.

ಸಭೆ ಚೆನ್ನಾಗಿ ಸೇರಿತ್ತು. ಪೇಟ ಇಟ್ಟರು, ಶಾಲು ಹೊದಿಸಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಕೂರಿಸಿದರು. ಬುಟ್ಟಿಯ ಮೇಲಿನ ಅನಾನಸಿನ ಎಲೆಗಳು ಸರಿಯಾಗಿ ಅವರ ಮೂಗಿಗೆ ಬರುತ್ತಿದ್ದವು. ಆಮೇಲೆ ಡಾಕ್ಟರ್ ನಫೀಸಾ ಮಾತಿಗೆ ನಿಂತರು. ಹೊರಗಿನಿಂದ ಬಂದು ನಮ್ಮ ಆಸ್ಪತ್ರೆ ಸೇರಿದ ಹುಡುಗಿ, ಮಾತು ಸ್ಪಷ್ಟ, ಮೈಕಿಗೆ ಹೆದರುವುದಿಲ್ಲ.

"ನೀವು ದಾರ ಅನ್ನೋದನ್ನ ಬೇರೆ ಕಡೆ ಆರ್‌ಎನ್‌ಎ ಅಂತಾರೆ," ಎಂದು ಶುರು ಮಾಡಿದರು. "ಅಲ್ಲೆಲ್ಲ ಅದು ಕಣ್ಣಿಗೆ ಕಾಣಲ್ಲ. ಜೀವಕೋಶದ ಒಳಗೆ ಇರುತ್ತೆ, ಹಿಡ್ಕೊಳ್ಳೋಕೆ ಯಾರಿಗೂ ಸಿಗಲ್ಲ. ಈ ಜ್ವರದ ವೈರಸ್ಸಿಗೆ ಇರೋ ಆಸ್ತಿಯೆಲ್ಲ ಈ ಒಂದು ದಾರ. ಇದಕ್ಕೆ ಎರಡು ಕೆಲಸ. ಉದ್ದಕ್ಕೆ ಬಿದ್ದಿರೋವಾಗ ನಮ್ಮ ದೇಹವೇ ಅದನ್ನ ಅಡುಗೆ ಪುಸ್ತಕದ ಹಾಗೆ ಓದಿ, ಅದಕ್ಕೆ ಬೇಕಾದ ಪದಾರ್ಥ ಮಾಡಿ ಬಡಿಸುತ್ತೆ. ಬಳೆ ಆದಾಗ ಅದರ ನಕಲು ಆಗುತ್ತೆ. ನಕಲು ಮಾಡೋ ಯಂತ್ರ ಹತ್ತಿ ಕೂರೋದು ತಲೆಯ ಕವಲಿನ ಮೇಲೆ. ಆದ್ರೆ ಕೆಲಸ ಶುರು ಮಾಡಬೇಕಾದ್ದು ಬಾಲದಿಂದ. ಬಳೆ ಆಗದೆ ಅದಕ್ಕೆ ಬಾಲ ಎಟಕೋದಿಲ್ಲ."

"ಮೇಡಮ್ಮೋರೇ," ಎಂದು ಬೀಡಾ ಅಂಗಡಿಯ ಮರಿಸಿದ್ದಪ್ಪ ಹಿಂದಿನ ಸಾಲಿನಿಂದ ಕೇಳಿದ, "ಬಾಲದ ಹತ್ರ ಒಂದೇ ಥರದ ಮಡಿಕೆ ಎರಡು ಇರ್ತವಲ್ಲ, ಅದು ಯಾಕೆ?"

"ಅದು ಸೊಳ್ಳೆಯಲ್ಲೂ ಬದುಕಬೇಕು, ನಮ್ಮಲ್ಲೂ ಬದುಕಬೇಕು. ಸೊಳ್ಳೆಗೆ ಒಗ್ಗಿದ್ದು ನಮಗೆ ಒಗ್ಗಲ್ಲ. ಅದಕ್ಕೇ ಜೋಡಿ ಇಟ್ಕೊಂಡಿದೆ. ಒಂದನ್ನ ಅಲ್ಲಿಗೆ ಹೊಂದಿಸ್ಕೊಂಡ್ರೂ ಇನ್ನೊಂದು ಇಲ್ಲಿಗೆ ಇರುತ್ತೆ."

"ಎರಡು ಸಂಸಾರ ಅನ್ನಿ," ಎಂದ ಮರಿಸಿದ್ದಪ್ಪ. ಸಭೆ ನಕ್ಕಿತು. ಯಾರು ಯಾರ ಕಡೆ ತಿರುಗಿ ನಕ್ಕರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

"ಇರುವೆ ಗಂಟಿನ ಹತ್ರ ನಿಲ್ಲುತ್ತಲ್ಲ, ಅದೂ ಅದರದೇ ಉಪಾಯ," ಎಂದು ಡಾಕ್ಟರು ಮುಂದುವರಿಸಿದರು. "ನಮ್ಮ ದೇಹದಲ್ಲೂ ದಾರ ಕತ್ತರಿಸಿ ತಿನ್ನೋ ಕೆಲಸಗಾರರಿದಾರೆ. ಅವರೂ ಅಲ್ಲಿಗೆ ಬಂದು ನಿಲ್ತಾರೆ. ಆ ಉಳಿದ ತುಂಡು ದೇಹದ ಕಾವಲುಗಾರನಿಗೆ ಮಂಪರು ಬರಿಸುತ್ತೆ. ಇದೆಲ್ಲಕ್ಕಿಂತ ದೊಡ್ಡದು ಅಂದ್ರೆ ಮೊಗ್ಗು. ಅದು ಮುಚ್ಚಿರೋ ತನಕ ಬಾಲದ ತುದಿಯ ಅಕ್ಷರಗಳು ಅದರೊಳಗೆ ಬಚ್ಚಿಟ್ಟುಕೊಂಡಿರ್ತವೆ. ಅರಳಿತು ಅಂದ್ರೆ ಹೊರಗೆ ಬಂದು, ತಲೆಯ ಕಡೆ ಇರೋ ತಮ್ಮ ಜೋಡಿ ಅಕ್ಷರಗಳನ್ನ ಹುಡುಕ್ಕೊಂಡು ಹೋಗ್ತವೆ. ತುದಿ ಎಷ್ಟೇ ದೂರ ಇರಲಿ, ಹೋಗಿ ಕೂಡ್ತವೆ. ಅದಕ್ಕೇ ಮೊಗ್ಗನ್ನ ಒತ್ತಬಾರದು, ಚಪ್ಪಟೆ ಮಾಡಬಾರದು. ಪಂಚಾಕ್ಷರಯ್ಯನವರ ಕೈ ನಾನು ನೋಡಿದೀನಿ. ಮೊಗ್ಗಿಗೆ ಅವರ ಬೆರಳಿನ ನೆರಳೂ ತಾಗಲ್ಲ."

ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನಿಂತ ಕೂಡಲೇ ಸಭೆಯಲ್ಲಿ ಒಂದು ಕ್ಷಣ ನಿಶ್ಶಬ್ದವಾಯಿತು, ಆ ನಿಶ್ಶಬ್ದದಲ್ಲಿ ನನಗೆ ಗಿರಣಿ ಕೇಳಿಸಿತು. ಟುಕುಟುಕು ಎಂದು, ಎಂದಿನ ಹಾಗೆ, ಊರಿನ ಆ ತುದಿಯಿಂದ. ಗುರುಬಸಮ್ಮ ಇಲ್ಲದೆ ಆ ಗಿರಣಿ ತಿರುಗಿದ್ದನ್ನು ಈವರೆಗೆ ಯಾರೂ ಕೇಳಿಲ್ಲ. ನಾನು ವೇದಿಕೆಯ ಕಡೆ ನೋಡಿದೆ. ಅನಾನಸಿನ ಎಲೆಗಳ ಸಂದಿಯಿಂದ ಅವರೂ ನನ್ನನ್ನು ನೋಡಿದರು. ಪೇಟದ ಕೆಳಗೆ ಬೆವರು ಕಿವಿಯ ಮೇಲೆ ಇಳಿಯುತ್ತಿತ್ತು. ಎದ್ದು ಬನ್ನಿ ಎಂದು ಕಣ್ಣಲ್ಲೇ ಹೇಳಿದೆ. ಬುಟ್ಟಿಯನ್ನು ಸ್ವಲ್ಪ ಎತ್ತಿದರು. ಆಗ ಅಧ್ಯಕ್ಷರು ಎರಡು ಮಾತು ಎಂದು ಮೈಕು ತೆಗೆದುಕೊಂಡರು, ಬುಟ್ಟಿ ಮತ್ತೆ ತೊಡೆಯ ಮೇಲೆ ಕೂತಿತು. ನಾನಾದರೂ ಎದ್ದು ಓಡಬಹುದಿತ್ತು. ಫೋಟೋ ತೆಗೆಯುವವನು ದಂಪತಿಗಳನ್ನು ಒಟ್ಟಿಗೆ ನಿಲ್ಲಿಸುತ್ತೇನೆ ಎಂದಿದ್ದ. ನಾನು ಕೂತೇ ಇದ್ದೆ.

ಅಧ್ಯಕ್ಷರ ಎರಡು ಮಾತು ಮುಗಿಯುವ ಹೊತ್ತಿಗೆ ಬಿಸಿಲು ಕಿಟಕಿಯಿಂದ ಗೋಡೆಗೆ ಹೋಗಿತ್ತು. ಇವರು ಶಾಲನ್ನೂ ತೆಗೆಯದೆ ಗುರುಬಸಮ್ಮನ ಮನೆಗೆ ನಡೆದರು; ಓಡಿದರೆ ಜನ ನೋಡುತ್ತಾರೆ. ಸಂಜೆ ಗುರುಬಸಮ್ಮ ಗಿರಣಿ ನಿಲ್ಲಿಸಿ ಬಂದಾಗ ಇವರು ಎರಡು ಕೈಯಲ್ಲೂ ತುದಿ ಹಿಡಿದು ಕೂತಿದ್ದರಂತೆ.

"ಸನ್ಮಾನ ಬಿಟ್ಟು ಇಲ್ಲೇ ಕೂತಿದ್ಯೇನಪ್ಪ?" ಎಂದು ಕೇಳಿದ ಗುರುಬಸಮ್ಮ, ಹೆಗಲ ಮೇಲಿನ ಶಾಲನ್ನು ನೋಡಿ ತಾವೇ ಉತ್ತರ ಹೇಳಿಕೊಂಡರಂತೆ. "ಓ, ಇಲ್ಲಿಗೇ ತಂದು ಹೊದಿಸಿದ್ರಾ. ಒಳ್ಳೇದಾಯ್ತು ಬಿಡು. ಕೊಡು, ನಾ ಹಿಡೀತೀನಿ. ನೀ ಹೋಗಿ ಊಟ ಮಾಡು."

ಇವರು ಕೊಟ್ಟು ಬಂದರು. ಊಟ ಮಾಡಿದರು. ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಕೈ ತೊಳೆಯುವ ಹೊತ್ತಿಗೆ ಪಕ್ಕದ ಮನೆಯಿಂದ ಗುರುಬಸಮ್ಮನ ಕೂಗು ಕೇಳಿತು. ಸುವರ್ಣಳ ದಿಂಬಿನ ಕೆಳಗೆ ಇನ್ನೊಂದು ದಾರ ಬಂದಿತ್ತು.

ಅಕ್ಕಪಕ್ಕದವರು ಸೇರಿದರು. ಗುರುಬಸಮ್ಮ ತಮ್ಮ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು, ಕೊಂಡು ತಂದ ಮೇಲೆ ತೂತು ಕಂಡ ಪಾತ್ರೆಯನ್ನು ನೋಡುವ ಹಾಗೆ. "ನಿದ್ದೆ ಮಾಡ್ಲಿಲ್ಲ ಕಣ್ರವ್ವ. ಬಿಟ್ಟೂ ಇಲ್ಲ. ಇಲ್ಲ... ಒಂದು ಗಳಿಗೆ ಕಣ್ಣು ಎಳೀತೋ ಏನೋ," ಎಂದರು. ಆ 'ಏನೋ' ಸಾಕಾಯಿತು. ಮಧ್ಯಾಹ್ನ ಮಗಳ ಹತ್ತಿರ ಇದ್ದದ್ದು ಗುರುಬಸಮ್ಮ ಎಂದು ಸಭೆಗೆ ಬಂದವರು, ನಮ್ಮ ಮನೆಯವರು ಎಂದು ಗುರುಬಸಮ್ಮ ಅಂದುಕೊಂಡಿದ್ದರು; ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಲ್ಲ. ನೀರು ತಂದ ಹೆಂಗಸು ಚೊಂಬನ್ನು ಗುರುಬಸಮ್ಮನ ಕೈಗೆ ಕೊಡದೆ ನೆಲದ ಮೇಲಿಟ್ಟಳು. ನಮ್ಮ ಮನೆಯವರು ನನ್ನ ಹಿಂದೆ ನಿಂತಿದ್ದರು. ಕೆಮ್ಮಿದರು. ಏನೋ ಹೇಳುತ್ತಾರೆಂದು ಕಾದೆ. ಕೆಮ್ಮು ಅಷ್ಟೇ ಆಗಿತ್ತು.

ಮಾರನೆಯ ಬೆಳಿಗ್ಗೆ ಜುಬ್ಬ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ಎರಡು ಹಳದಿ ಕ್ಲಿಪ್ಪು ಸಿಕ್ಕವು. ಒಂದರ ಹಲ್ಲಿನ ಮೇಲೆ ಹುಣಸೆಹಣ್ಣಿನ ಬಣ್ಣದ ಕಲೆ. ಹೇಗೆ ನಡೆದಿರಬೇಕೆಂದು ಯೋಚಿಸಲು ಬಹಳ ಪುಸ್ತಕ ಓದಿರಬೇಕಾಗಿಲ್ಲ. ದಾರದ ತಲೆಯನ್ನು ಮಂಚದ ತಲೆದಿಂಬಿನ ಕಡೆಯ ಕಾಲಿಗೆ, ಬಾಲವನ್ನು ಆ ತುದಿಯ ಕಾಲಿಗೆ ಕಚ್ಚಿಸಿದ್ದಾರೆ. ದಾರದ ಮೈ ನುಣುಪು, ಕ್ಲಿಪ್ಪು ಜಾರುತ್ತದೆ. ನಿಲ್ಲುವ ಉಬ್ಬು ಇರುವುದು ಮೊಗ್ಗಿನಲ್ಲಿ ಮಾತ್ರ. ಕೈಯಾಗಿದ್ದರೆ ಎಂದೂ ಮುಟ್ಟುತ್ತಿರಲಿಲ್ಲ. ಅವಸರದಲ್ಲಿ ಕ್ಲಿಪ್ಪಿಗೆ ಅದನ್ನೇ ತೋರಿಸಿದ್ದಾರೆ. ಹಲ್ಲಿನ ಒತ್ತಡಕ್ಕೆ ಮೊಗ್ಗು ಚಪ್ಪಟೆಯಾಗಿ ಅರಳಿದೆ, ತೆಳ್ಳಗಾದ ಬಾಲ ಹಲ್ಲಿನಿಂದ ಜಾರಿ ತಲೆಯ ಕಡೆ ಹೋಗಿದೆ. ಇವರು ಬಂದು ಬಳೆ ಬಿಡಿಸಿ, ಕ್ಲಿಪ್ಪು ಜೇಬಿಗೆ ಹಾಕಿಕೊಂಡು, ಏನೂ ಆಗಿಲ್ಲದವರ ಹಾಗೆ ಕೂತಿದ್ದಾರೆ. ಜ್ವರದ ಮಂಪರಿನಲ್ಲಿದ್ದ ಸುವರ್ಣಳಿಗೆ ಇದಾವುದೂ ತಿಳಿದಿಲ್ಲ.

ಕ್ಲಿಪ್ಪುಗಳನ್ನು ಕಿಟಕಿಯ ಮೇಲಿಟ್ಟೆ. ಅವರು ನೋಡಿದರು, ನಾನು ನೋಡಿದ್ದನ್ನೂ ನೋಡಿದರು. ಇಬ್ಬರೂ ಆ ದಿನ ಪದಾರ್ಥದ ಉಪ್ಪಿನ ಬಗ್ಗೆ ಮಾತಾಡಿದೆವು.

ಸುವರ್ಣಳ ದಾರಗಳನ್ನು ಅಕ್ಕಪಕ್ಕದವರು ಸರದಿಯ ಮೇಲೆ ಹಿಡಿಯುತ್ತಿದ್ದರು. ಆ ವಾರವೇ ನಮ್ಮ ಮನೆಯ ರಾಗಿ ಬೀಸಿಸಬೇಕಾಗಿತ್ತು. ಗಿರಣಿಗೆ ಹೋದರೆ ಹೊಸ್ತಿಲ ಉದ್ದಕ್ಕೂ ಡಬ್ಬಿಗಳು, ಚೀಲಗಳು. ಮೊದಲೆಲ್ಲ ಗುರುಬಸಮ್ಮನ ಕೈಗೆ ಕೊಟ್ಟು, ಅವರ ಕೈಯಿಂದ ಬೈಸಿಕೊಂಡು, "ಇದರಲ್ಲಿ ಕಲ್ಲೇ ಜಾಸ್ತಿ ಐತಲ್ಲೇ ತಾಯಿ" ಎನ್ನಿಸಿಕೊಂಡು ಹೋಗುತ್ತಿದ್ದ ಹೆಂಗಸರು ಈಗ ಡಬ್ಬಿ ಇಟ್ಟು ಹಿಂದೆ ಸರಿಯುತ್ತಿದ್ದರು. ಗುರುಬಸಮ್ಮ ಬಗ್ಗುತ್ತಿದ್ದರು, ಎತ್ತುತ್ತಿದ್ದರು, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದರು, ಮತ್ತೆ ಬಗ್ಗುತ್ತಿದ್ದರು. ಬೈಯುತ್ತಿರಲಿಲ್ಲ. ನನ್ನನ್ನು ಕಂಡು, "ಬಾ ವಿಶಾಲು," ಎಂದು ಅಭ್ಯಾಸದ ಮೇಲೆ ಕೈ ನೀಡಿದವರು, ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಹಿಂದೆ ಮರಿಸಿದ್ದಪ್ಪನ ಹೆಂಡತಿ ನಿಂತಿದ್ದಳು. ಅವಳ ಕಣ್ಣು ನನ್ನ ಡಬ್ಬಿಯ ಮೇಲಿತ್ತು. ಎಲ್ಲ ಗೊತ್ತಿದ್ದ ನಾನು ಡಬ್ಬಿಯನ್ನು ನೆಲದ ಮೇಲಿಟ್ಟೆ. ನಿಧಾನವಾಗಿ, ಸದ್ದಾಗದ ಹಾಗೆ ಇಟ್ಟೆ. ಅದರಿಂದ ಏನೋ ಕಡಿಮೆಯಾಗುತ್ತದೆ ಎಂಬಂತೆ.

ಸುವರ್ಣ ಚೇತರಿಸಿಕೊಳ್ಳುವ ಹೊತ್ತಿಗೆ ಗುರುಬಸಮ್ಮ ಜ್ವರ ಬಂದು ಮಲಗಿದರು. ಸಂಜೆ ದಾರ ಬಂತು. ಸುವರ್ಣ ನಮ್ಮ ಮನೆಗೆ ಬಂದಳು, ಗೋಡೆ ಹಿಡಿದುಕೊಂಡೇ.

"ಅತ್ತೆ, ಅಮ್ಮ ಯಾರಿಗೂ ತುದಿ ಕೊಡ್ತಿಲ್ಲ. ಎರಡೂ ಮುಷ್ಟೀಲಿ ಹಿಡ್ಕೊಂಡು ಗೋಡೆ ಕಡೆ ತಿರುಗಿ ಮಲಗಿದಾಳೆ. ನನ್ನ ಕೈ ಕೆಟ್ಟಿದ್ದು, ಇನ್ನೊಬ್ಬರ ಕೈ ಕೇಳೋಕೆ ನನಗೆ ಮುಖ ಇಲ್ಲ ಅಂತಾಳೆ. ಜ್ವರ ಏರಿದ್ರೆ ಮುಷ್ಟಿ ಸಡಿಲ ಆಗುತ್ತಲ್ಲ. ಈ ವಯಸ್ಸಿಗೆ ಒಂದೇ ದಾರ ತಡ್ಕೊಂಡ್ರೆ ಹೆಚ್ಚು ಅಂದ್ರು ಡಾಕ್ಟರು. ಇನ್ನೊಂದು ಬಂದ್ರೆ..." ತನ್ನ ಕೈ ಚಾಚಿ ತೋರಿಸಿದಳು. ಬೆರಳುಗಳು ಗಿರಣಿಯ ಪಟ್ಟಿಯ ಹಾಗೆ ಅದುರುತ್ತಿದ್ದವು. "ಮಾವ ಒಂದು ಮಾತು ಹೇಳಿದ್ರೆ ಕೇಳಬಹುದು."

ಮಾವ ಒಳಗೆ ತಟ್ಟೆಯ ಮುಂದೆ ಕೂತಿದ್ದರು. ಎಲ್ಲವೂ ಕೇಳಿಸಿತ್ತು. ಸುವರ್ಣ ಹೋದ ಮೇಲೆ ನಾನು ಕಿಟಕಿಯ ಮೇಲಿದ್ದ ಎರಡು ಕ್ಲಿಪ್ಪು ತಂದು ಅವರ ತಟ್ಟೆಯಲ್ಲಿ, ಇಡ್ಲಿಯ ಪಕ್ಕದಲ್ಲಿಟ್ಟೆ.

"ಚಟ್ನಿ ಇಲ್ವಾ?" ಎಂದರು.

"ಇದನ್ನ ಮುಗಿಸಿ, ಹಾಕ್ತೀನಿ."

"ಹೇಳಿದ್ರೆ ಊರಲ್ಲಿ ಮುಖ ಎಲ್ಲಿಡೋದೇ?"

"ಪೇಟ ಕೊಟ್ಟಿದಾರಲ್ಲ. ಸ್ವಲ್ಪ ಕೆಳಗೆ ಎಳ್ಕೊಳ್ಳಿ."

ಅವರು ನಗಲಿಲ್ಲ. ನನಗೂ ನಗಿಸುವ ಉದ್ದೇಶ ಇರಲಿಲ್ಲ. "ಹಾಗೇ ಹೋಗಿ ಕೂತ್ಕೊಂಡು ಹಿಡಿದ್ರೆ? ಏನೂ ಹೇಳದೆ?" ಎಂದು ಕೇಳಿದರು.

"ಅವರು ಕೊಟ್ರೆ ಹಿಡೀರಿ. ಕೊಡಲ್ಲ. ಅವರಿಗೆ ತಮ್ಮ ಕೈ ಕೆಟ್ಟದ್ದು ಅಂತ ನಂಬಿಕೆ ಆಗಿದೆ. ಹಾಗೆ ನಂಬಿಸಿದ್ದು ಯಾರು ರೀ?"

ಎದ್ದರು. ಕ್ಲಿಪ್ಪು ಎತ್ತಿಕೊಂಡರು. ಜುಬ್ಬ ಹಾಕಿಕೊಳ್ಳಲಿಲ್ಲ, ಬನಿಯನ್ನಿನಲ್ಲೇ ಹೋದರು. ಹಿಂದೆ ನಾನು ಹೋದೆ.

ಗುರುಬಸಮ್ಮನ ಮನೆಯ ಬಾಗಿಲಲ್ಲಿ ಆಗಲೇ ಮರಿಸಿದ್ದಪ್ಪ, ಅವನ ಹೆಂಡತಿ, ಇನ್ನೂ ಒಂದಿಷ್ಟು ಜನ ಇದ್ದರು. ಇಷ್ಟು ಜನರಿಲ್ಲದಿದ್ದರೆ ಚೆನ್ನಾಗಿತ್ತು ಎಂದು ನಾನು ಅಂದುಕೊಂಡೆ. ಅವರಿಗೂ ಹಾಗೆ ಅನಿಸಿದ್ದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಗುರುಬಸಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದರು. ಎರಡು ಮುಷ್ಟಿಗಳ ನಡುವೆ ದಾರ ಜಗ್ಗುತ್ತಿತ್ತು, ಮುಷ್ಟಿಗಳು ಒಂದರ ಕಡೆಗೊಂದು ಸ್ವಲ್ಪ ಸ್ವಲ್ಪ ಸರಿಯುತ್ತಿದ್ದವು.

"ಗುರುಬಸಮ್ಮ," ಎಂದರು ಇವರು. "ಅವತ್ತು ತುದಿ ಕೂಡಿದ್ದು ನಿಮ್ಮ ಕೈಯಲ್ಲಿ ಅಲ್ಲ."

ಬಾಗಿಲಿನವರು ಒಳಗೆ ಇಣುಕಿದರು.

"ನಾನು ಸನ್ಮಾನಕ್ಕೆ ಹೋಗಿದ್ದೆ. ಇಲ್ಲಿ ಯಾರೂ ಇರಲಿಲ್ಲ. ಇದನ್ನ ಹಾಕಿ ಹೋಗಿದ್ದೆ." ಕ್ಲಿಪ್ಪುಗಳನ್ನು ಅಂಗೈಯಲ್ಲಿ ಚಾಚಿದರು. ಗೋಡೆಯ ಕಡೆ ತಿರುಗಿದವರಿಗೆ ಅದು ಕಾಣುವ ಹಾಗಿರಲಿಲ್ಲ. ಆದರೂ ಚಾಚಿಕೊಂಡೇ ನಿಂತರು. "ಬಂದಾಗ ಬಳೆ ಆಗಿತ್ತು. ಬಿಡಿಸಿ ನಿಮ್ಮ ಕೈಗೆ ಕೊಟ್ಟೆ."

"ಬಟ್ಟೆ ಕ್ಲಿಪ್ಪಾ?" ಎಂದ ಮರಿಸಿದ್ದಪ್ಪ ಮೆಲ್ಲಗೆ. ಅವನ ಹೆಂಡತಿ ಅವನ ಮೊಣಕೈ ಚಿವುಟಿದಳು.

ಗುರುಬಸಮ್ಮ ನಿಧಾನವಾಗಿ ಇತ್ತ ಹೊರಳಿದರು. ಕಣ್ಣು ಕೆಂಪಗಿದ್ದವು. ಹುಬ್ಬಿನ ಮೇಲೆ ಹಿಟ್ಟಿಲ್ಲದ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಬಹಳ ವಯಸ್ಸಾದವರ ಹಾಗೆ ಕಂಡರು.

"ಹಂಗಾದ್ರೆ ನಾನು ನಿದ್ದೆ ಮಾಡ್ಲಿಲ್ಲ," ಎಂದರು.

"ಇಲ್ಲ."

"ಕಣ್ಣು ಎಳೀಲಿಲ್ಲ."

"ಇಲ್ಲ."

"ಅದೇ ನಾನೂ ಅಂದ್ಕೋತಿದ್ದೆ. ದಿನಾ ಅಂದ್ಕೋತಿದ್ದೆ." ಮುಷ್ಟಿಗಳನ್ನು ಇವರ ಕಡೆ ಚಾಚಿದರು. "ಆ ಕ್ಲಿಪ್ಪು ಆಚೆ ಬಿಸಾಕು. ಕೂತ್ಕೋ. ಹಿಡಿ."

ಇವರು ಕದಲಲಿಲ್ಲ. "ನನ್ನ ಕೈಗೆ ಕೊಡ್ತೀರಾ?"

"ಇನ್ಯಾರ ಕೈಗೆ ಕೊಡ್ಲಿ? ಸುವರ್ಣನ ಕೈ ನಡುಗ್ತದೆ. ನಿನ್ನ ಹೆಂಡ್ತಿ ಪುಸ್ತಕ ಬಿಟ್ಟು ಬೇರೆ ಏನೂ ಹಿಡಿದೋಳಲ್ಲ. ಕೈ ಕೆಟ್ಟಿದ್ದಲ್ಲ ನಿಂದು, ಎದ್ದು ಹೋದ ಕಾಲು ಕೆಟ್ಟಿದ್ದು. ಮೊಗ್ಗಿನ ಹಿಂದೆ ಹಿಡಿ. ಅದನ್ನೂ ನಾನೇ ಹೇಳಿಕೊಡಬೇಕಾ?"

ಮುಷ್ಟಿ ಬಿಚ್ಚಿ, ತುದಿಗಳನ್ನು ನೆಲದ ಮೇಲಿಡದೆ, ಮಂಚದ ಮೇಲಿಡದೆ, ಇವರ ಒಂದೊಂದು ಕೈಗೂ ಒಂದೊಂದನ್ನು ಕೊಟ್ಟರು. ಇವರು ಬಾಲವನ್ನು ಮೊಗ್ಗಿನ ಹಿಂದೆ ಹಿಡಿದರು. 'ನೋಡುತ್ತಿದ್ದಾರೋ' ಎಂದು ಅವರು ಈ ಸಲ ಯಾರ ಕಡೆಗೂ ತಿರುಗಲಿಲ್ಲ.

ಜ್ವರ ಬಿಡುವ ತನಕ ಅವರು ಅಲ್ಲಿಂದ ಏಳಲಿಲ್ಲ. ಬಾಯಿಗೆ ತುತ್ತು ಇಟ್ಟದ್ದು ನಾನು. ಬಾಗಿಲಲ್ಲಿ ಜನ ಬಂದು ನಿಂತು ನೋಡಿ ಹೋಗುತ್ತಿದ್ದರು. ಇನ್ನೊಂದು ದಾರ ಬರಲಿಲ್ಲ. ದಾರ ಸೋತು ಬಿತ್ತು, ಇರುವೆಗಳು ಬಂದು ಗಂಟಿನ ತನಕ ತಿಂದು ನಿಂತವು, ಉಳಿದ ತುಂಡನ್ನು ಸುವರ್ಣ ಇಕ್ಕಳದಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಿದಳು. ಗುರುಬಸಮ್ಮ ಎದ್ದು ಕೂತ ದಿನ ಮೊದಲು ಕೇಳಿದ್ದು, ತಾವು ಮಲಗಿದ್ದಾಗ ಊರಿನವರು ರಾಗಿಯನ್ನು ಎಲ್ಲಿ ಬೀಸಿಸಿಕೊಂಡರು ಎಂದು.

ನಮ್ಮ ಊರಿನಲ್ಲಿ ಈಗಲೂ ಯಾರೂ ಯಾರನ್ನೂ ಬೈಯುವುದಿಲ್ಲ. ನಮ್ಮ ಮನೆಯವರು ಅಂಗಡಿಗೆ ಹೋದರೆ ಮರಿಸಿದ್ದಪ್ಪ ಬೀಡಾವನ್ನು ಕಟ್ಟೆಯ ಮೇಲೆ ಇಡುತ್ತಾನೆ. ಸನ್ಮಾನದ ಫೋಟೋವನ್ನು ಫೋಟೋದವನು ನಮ್ಮ ಹೊಸ್ತಿಲ ಮೇಲೆ ಇಟ್ಟು ಹೋದ. ಗುರುಬಸಮ್ಮ ಮಾತ್ರ ಹಿಟ್ಟಿನ ಡಬ್ಬಿಯನ್ನು ಅವರ ಕೈಗೇ ಕೊಡುತ್ತಾರೆ; ಊರಲ್ಲಿ ಹಾಗೆ ಕೊಡುವವರು ಅವರೊಬ್ಬರೇ. ಅದಕ್ಕೇ ಹಿಟ್ಟು ತರಲು ನಮ್ಮ ಮನೆಯವರು ಈಗ ಹೋಗುವುದಿಲ್ಲ; ಆ ಕೈಯಿಂದ ತೆಗೆದುಕೊಳ್ಳುವುದಕ್ಕಿಂತ ನೆಲದಿಂದ ಎತ್ತಿಕೊಳ್ಳುವುದೇ ಅವರಿಗೆ ಸುಲಭ. ನಾನು ಹೋಗುತ್ತೇನೆ.